ಚಿಕ್ಕೋಡಿಯಿಂದ ಹೊರಟ ಮೂವತ್ತೊಂದು ಹಡಗು

೨೦೧೨ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಸಪನಾ ಕಾಂಬಳೆ ಊಟದ ಡಬ್ಬಿಯ ಮುಚ್ಚಳ ತೆಗೆದವಳು ಹಾಗೆಯೇ ಕೂತುಬಿಟ್ಟಳು. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರಿಗೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಜಯಪಾಲ ಸರ್ ಅವರ ಕಂಪ್ಯೂಟರ್ ಕ್ಲಾಸಿನಲ್ಲಿ ಅವಳು ಕಲಿಸುವ ಮೇಡಂ. ಒಂದು ಗಂಟೆಯಿಂದ ಎರಡೂವರೆಯ ತನಕ ಕ್ಲಾಸಿಗೆ ಬಿಡುವು. ಆ ಹೊತ್ತಿನಲ್ಲಿ ಅವಳು ದಿನಾಲೂ ತಪ್ಪದೆ ಇಣುಕುತ್ತಿದ್ದ ಒಂದು ವೆಬ್‌ಸೈಟ್ ಇತ್ತು. ಜಗತ್ತಿನ ಮೂಲೆಮೂಲೆಯ ಇನ್ನೂರು ಮುನ್ನೂರು ಜನ ಸೇರಿ ‘ಟ್ವೆಲ್ವ್ ಸನ್ಸ್’, ಅಂದರೆ ಹನ್ನೆರಡು ಸೂರ್ಯರು, ಎಂಬ ಹಳೆಯ ಕಂಪ್ಯೂಟರ್ ಆಟವೊಂದನ್ನು ನೆನೆಸಿಕೊಂಡು ಮಾತಾಡುವ ಜಾಗ ಅದು. ನಾಲ್ಕು ವರ್ಷದಿಂದ ಅಲ್ಲಿ ಹೇಳಿಕೊಳ್ಳುವಂಥ ಸುದ್ದಿ ಏನೂ ಇರಲಿಲ್ಲ. ಅವತ್ತು ಇತ್ತು.

ಆಟದ ಹಕ್ಕು ಕೈಯಲ್ಲಿಟ್ಟುಕೊಂಡಿದ್ದ ಕಂಪನಿ ಕೊನೆಗೂ ಬಾಯಿ ಬಿಟ್ಟಿತ್ತು. ಆಟವನ್ನು ಹೊಸದಾಗಿ ಮಾಡಲು ನಾವು ತಯಾರಿದ್ದೇವೆ, ಆದರೆ ಅದನ್ನು ಆಡುವವರು ಇನ್ನೂ ಉಳಿದಿದ್ದಾರೆಂದು ನಮಗೆ ತೋರಿಸಿಕೊಡಿ, ಎಂದು ಬರೆದಿದ್ದರು. ಜೂನ್ ಮೂವತ್ತರೊಳಗೆ ಐದು ಸಾವಿರ ಜನ ಹಳೆಯ ಆಟವನ್ನು ಮೊದಲಿನಿಂದ ಆಡಿ, ಮೂರನೆಯ ಸೂರ್ಯನ ಬಂದರು ಮುಟ್ಟಿ, ಅಲ್ಲಿ ಉಳಿಸಿಕೊಂಡ ಫೈಲನ್ನು ಕಳಿಸಬೇಕು. ಬರೀ ಹೆಸರು ಬರೆದು ಕಳಿಸಿದರೆ ನಡೆಯುವುದಿಲ್ಲ.

ಸಪನಾ ಅದನ್ನು ಮೂರು ಸಲ ಓದಿದಳು. ಆಮೇಲೆ ಡಬ್ಬಿ ಮುಚ್ಚಿಟ್ಟು, ಕ್ಲಾಸಿನಲ್ಲಿದ್ದ ಹದಿನಾಲ್ಕು ಕಂಪ್ಯೂಟರುಗಳ ಕಡೆ ಒಂದೊಂದಾಗಿ ನೋಡಿದಳು.

ಆ ಆಟ ಅವಳಿಗೆ ಸಿಕ್ಕಿದ್ದು ಒಂಬತ್ತು ವರ್ಷದ ಹಿಂದೆ. ಅವಳ ತಂದೆ ರಾಜಾರಾಮ ರಾಯಬಾಗದಲ್ಲಿ ಒಂದು ಸರ್ಕಾರಿ ಕಚೇರಿಯ ಜವಾನ. ಮಕ್ಕಳು ಕಂಪ್ಯೂಟರ್ ಕಲಿಯಲಿ ಎಂದು ಕೊಲ್ಹಾಪುರಕ್ಕೆ ಹೋಗಿ, ಯಾರೋ ಬಳಸಿ ಬಿಟ್ಟಿದ್ದ ಒಂದು ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಹಳೆಯ ಮಾಲೀಕ ಅದರೊಳಗೆ ಎಲ್ಲವನ್ನೂ ಅಳಿಸಿದ್ದರೂ ಈ ಒಂದು ಆಟ ಉಳಿದುಕೊಂಡಿತ್ತು. ಕರಿಯ ಪರದೆಯ ಮೇಲೆ ಹಸಿರು ಗೆರೆಗಳು, ಆಕಾಶದಲ್ಲಿ ಓಡುವ ಒಂದು ಸಣ್ಣ ಹಡಗು, ಹನ್ನೆರಡು ಸೂರ್ಯರು, ಒಬ್ಬೊಬ್ಬ ಸೂರ್ಯನ ಸುತ್ತ ಐದಾರು ಬಂದರುಗಳು. ಒಂದು ಕಡೆ ಗೋಧಿ ಅಗ್ಗ, ಇನ್ನೊಂದು ಕಡೆ ಅದಕ್ಕೆ ಬರ. ಒಂದು ಕಡೆ ಬರ್ಫ್ ಬಿದ್ದಿರುತ್ತದೆ, ಇನ್ನೊಂದು ಕಡೆ ಕುಡಿಯಲು ನೀರಿಲ್ಲ. ಆದರೆ ಬರ್ಫ್ ಹೇರಿಕೊಂಡು ಸೂರ್ಯನ ಹತ್ತಿರದಿಂದ ಹಾದರೆ ದಾರಿಯಲ್ಲೇ ಕರಗಿಹೋಗುತ್ತದೆ. ಅಷ್ಟೇ ಆಟ. ಹಡಗನ್ನು ಬಂದರಿಗೆ ಹಚ್ಚುವಾಗ ಮಾತ್ರ ಕೈಚಳಕ ಬೇಕು. ಪರದೆಯ ಮೇಲೆ ಓಡಾಡುವ ಎರಡು ಗೆರೆ ಒಂದರ ಮೇಲೊಂದು ಕೂಡಬೇಕು, ಇಲ್ಲವೆಂದರೆ ಹಡಗು ಚೂರು.

ಅಣ್ಣ ನಿಲೇಶನಿಗೆ ಆ ಕೈಚಳಕ ಇತ್ತು. ಯಾವ ಊರಿಂದ ಯಾವ ಊರಿಗೆ ಏನು ಒಯ್ಯಬೇಕೆಂಬುದು ಹದಿನಾಲ್ಕರ ಸಪನಾಳ ತಲೆಯಲ್ಲಿತ್ತು. ಒಂದೇ ಕೀಬೋರ್ಡಿನ ಮುಂದೆ ಇಬ್ಬರೂ ಕೂತು ಎರಡು ವರ್ಷ ಆಡಿದರು. ತಾಯಿ ಅಕ್ಕುತಾಯಿ ಕಬ್ಬಿನ ಗದ್ದೆಯ ಕೆಲಸ ಮುಗಿಸಿ ಬಂದು, “ಇವತ್ತ ಯಾವೂರಿಗೆ ಹೋಗಿದ್ರಿ?” ಎಂದು ಕೇಳುವುದೇ ಒಂದು ರೂಢಿಯಾಯಿತು. ಕನ್ನಡ ಶಾಲೆಯ ಹುಡುಗಿ ಸಪನಾಳಿಗೆ ಇಂಗ್ಲಿಷ್ ಭಯ ಬಿಟ್ಟದ್ದು ಆ ಆಟದಿಂದ. ಸರಕಿನ ಹೆಸರು, ಕೊರತೆ, ಹೆಚ್ಚಳ, ಸುಂಕ, ತಡ — ಒಂದೊಂದು ಪದಕ್ಕೂ ಒಂದೊಂದು ಪ್ರಯಾಣದ ನೆನಪು ಅಂಟಿಕೊಂಡಿತ್ತು. ಆಟದ ಕೊನೆಯ ಪರದೆಯಲ್ಲಿ ‘ಎರಡನೆಯ ಭಾಗ ಬರಲಿದೆ’ ಎಂದಿತ್ತು. ಮಾಡಿದ ಕಂಪನಿ ಮುಚ್ಚಿಹೋಗಿ ಎಷ್ಟೋ ಕಾಲವಾಗಿದೆ, ಹಕ್ಕು ಕೈಯಿಂದ ಕೈಗೆ ಮಾರಾಟವಾಗಿದೆ ಎಂಬುದು ಅವಳಿಗೆ ಗೊತ್ತಾದದ್ದು ಡಿಗ್ರಿಗೆ ಬಂದ ಮೇಲೆ.

ಅದೇ ಸಂಜೆ ಅವಳು ಜಯಪಾಲ ಸರ್ ಮುಂದೆ ನಿಂತಳು. ಅವರು ಒಳ್ಳೆಯವರು, ಆದರೆ ಜನ ಏನಂದಾರು ಎಂಬ ಅಂಜಿಕೆ ಸದಾ ಬೆನ್ನಿಗಿತ್ತು.

“ಆಟ? ನಮ್ಮ ಕ್ಲಾಸಿನ್ಯಾಗ?” ಅವರು ಕನ್ನಡಕ ತೆಗೆದರು.

“ಒಂದರಿಂದ ಎರಡೂವರಿತನಕ ಮಷಿನ್ ಸುಮ್ನ ಕೂತಿರ್ತಾವಲ್ರಿ ಸರ್.”

“ಕೂತ್ರ ಕೂತ್ವು. ನಾಳೆ ಯಾರರೆ ಬಂದು, ಟ್ಯಾಲಿ ಕಲಸ್ತೇವಂತ ಹೇಳಿ ನಮ್ಮ ಮನಿ ಹೆಣ್ಮಕ್ಕಳಿಗೆ ಗೇಮ್ ಆಡಸಾಕತ್ತೀರಿ ಅಂದ್ರ ನಾ ಏನ್ ಹೇಳ್ಲಿ?”

“ಪರೀಕ್ಷೆ ತಗೊಂಡ್ ನೋಡ್ರಿ ಅಂತ ಹೇಳ್ರಿ. ನನ್ನ ಬ್ಯಾಚಿನ್ಯಾಗ ಇಲ್ಲೀತನಕ ಒಬ್ಬಾಕೀನೂ ಫೇಲ್ ಆಗಿಲ್ರಿ.”

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. “ಆ ಆಟದಾಗ ಏನ್ ಮಾಡ್ತಾರ?”

“ಮಾಲ್ ತಗೋತಾರ, ಮಾರ್ತಾರ.”

“ಎಂಥಾ ಮಾಲು?”

“ಗೋಧಿ, ಕಬ್ಬಿಣ, ಔಷಧ, ಬರ್ಫ.”

“ಬಂದೂಕ?”

“ಬಂದೂಕ ಇಲ್ರಿ ಸರ್. ಆ ಆಟದಾಗ ಯಾರನ್ನೂ ಕೊಲ್ಲೂದಿಲ್ಲ.”

ಜಯಪಾಲ ಸರ್ ಮುಖ ಸಡಿಲಾಯಿತು. ಅವರು ಕತ್ತಲಾಗುವ ಮುಂಚೆ ಊಟ ಮುಗಿಸುವ, ನಡೆಯುವಾಗ ಇರುವೆ ಸಾಲು ನೋಡಿ ಕಾಲಿಡುವ ಜೈನರ ಮನೆಯವರು. “ಬಿಡುವಿನ್ಯಾಗ ಅಷ್ಟ. ಮತ್ತ ಮುಂಜಾನಿ ಏಳರ ಬ್ಯಾಚ್ ಯಾರೂ ತಗೊಳ್ಳಾಕ ತಯಾರಿಲ್ಲ, ಅದನ್ನ ನೀನ ತಗೋ,” ಎಂದರು. ಏಳರ ಬ್ಯಾಚಿಗೆ ರಾಯಬಾಗದಿಂದ ಐದೂವರೆಯ ಬಸ್ ಹಿಡಿಯಬೇಕು. ಸಪನಾ ಎರಡನೆಯ ಮಾತಾಡದೆ ಒಪ್ಪಿಕೊಂಡಳು.

ಹಳೆಯ ಆಟ ಹೊಸ ಕಂಪ್ಯೂಟರುಗಳ ಮೇಲೆ ಓಡುತ್ತಿರಲಿಲ್ಲ. ಹಳೆಯ ಯಂತ್ರದಂತೆ ನಟಿಸುವ ಒಂದು ಸಣ್ಣ ಪ್ರೋಗ್ರಾಂ ಹುಡುಕಿ, ಹದಿನಾಲ್ಕರಲ್ಲೂ ಕೂರಿಸುವುದಕ್ಕೆ ಅವಳಿಗೆ ಒಂದು ವಾರ ಹಿಡಿಯಿತು. ಅದಕ್ಕಿಂತ ಕಷ್ಟವಾದದ್ದು ಆಡುವವರನ್ನು ಹುಡುಕುವುದು. ಕ್ಲಾಸಿಗೆ ಬರುವವರಲ್ಲಿ ಬಹಳಷ್ಟು ಜನ ಸರ್ಟಿಫಿಕೇಟಿಗಾಗಿ ಬರುವ ಹೆಣ್ಣುಮಕ್ಕಳು. ಆಟ ಎಂದ ಕೂಡಲೇ ನಕ್ಕು ಬ್ಯಾಗ್ ಹೆಗಲಿಗೇರಿಸುತ್ತಿದ್ದರು. ಸಪನಾ ಬಾಗಿಲಿಗೆ ಅಡ್ಡ ನಿಂತು, “ಹತ್ತ ನಿಮಿಷ. ಬ್ಯಾಸರಾದ್ರ ಎದ್ದ ಹೋಗ್ರಿ, ನಾ ಏನೂ ಅನ್ನೂದಿಲ್ಲ,” ಎನ್ನುತ್ತಿದ್ದಳು. ಹತ್ತು ಜನ ಕೂತರೆ ಏಳು ಜನ ಎದ್ದು ಹೋದರು. ಮೂವರು ಉಳಿದರು. ಆ ಮೂವರಲ್ಲಿ ಒಬ್ಬಳು ಸೀಮಾ. ಅಥಣಿ ಕಡೆಯ ದೊಡ್ಡ ಒಕ್ಕಲುತನದ ಮನೆಯ ಸೊಸೆ, ಗಂಡ ಭರತ ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಮಾಸ್ತರ.

ಎದ್ದು ಹೋಗದೆ ಕೂತವರಿಗೂ ಹಡಗನ್ನು ಬಂದರಿಗೆ ಹಚ್ಚುವುದು ಬಗೆಹರಿಯಲಿಲ್ಲ. ಗೋಧಿ ಹೇರಿಕೊಂಡು ಹೋದ ಹಡಗುಗಳೆಲ್ಲ ಗೋಡೆಗೆ ಬಡಿದು ಚೂರಾದವು. ಸಪನಾಳಿಗೂ ಅದು ಎಂದೂ ಸರಿಯಾಗಿ ಬಂದಿರಲಿಲ್ಲ. ಅವಳು ಅಣ್ಣನನ್ನು ಕೇಳಿದಳು. ನಿಲೇಶ ಈಗ ಸರ್ಕಾರಿ ಬಸ್ಸಿನ ಕಂಡಕ್ಟರ್, ರಾಯಬಾಗ–ನಿಪ್ಪಾಣಿ ಗಾಡಿ.

“ಹುಚ್ಚ ಹಿಡದೈತಿ ನಿನಗ,” ಎಂದ ಅವನು. “ವಾರಕ್ಕ ಒಂದ ದಿನ ಸೂಟಿ ಸಿಗ್ತೈತಿ. ಅದನ್ನೂ ಬಿಟ್ಟ ಬಂದು ನಾ ಹಡಗ ಹಚ್ಚೂದ ಕಲಸ್ಬೇಕ?”

“ಹೂಂ ದಾದಾ, ಕಲಸ್ಬೇಕು.”

“ಯಾಕ?”

“ನನಗ ಬರೂದಿಲ್ಲ, ನಿನಗ ಬರ್ತೈತಿ. ಅದಕ್ಕ.”

ನಿಲೇಶ ಮುಂದಿನ ಬುಧವಾರ ಬಂದ. ಹೆಣ್ಣುಮಕ್ಕಳ ನಡುವೆ ಮೊದಮೊದಲು ಸಂಕೋಚದಿಂದ ಗೋಡೆಗೆ ಆತು ನಿಂತವನು, ಸೀಮಾಳ ಹಡಗು ಮೂರನೆಯ ಸಲ ಚೂರಾದದ್ದನ್ನು ನೋಡಲಾರದೆ ಮುಂದೆ ಬಂದ. “ಅಕ್ಕಾರ, ಗೆರೀ ಹಿಂದ ಓಡಬ್ಯಾಡ್ರಿ. ಅದ ನಿಮ್ಮ ಕಡೆ ಬರೂತನಕ ಕಾಯ್ರಿ. ಬಸ್ ಸ್ಟ್ಯಾಂಡಿಗೆ ಬರೂ ಗಾಡಿ ಹಿಂದ ಮಂದಿ ಓಡ್ತಾರಲ್ಲ, ಅವರಿಗೆ ಸೀಟ್ ಸಿಗೂದಿಲ್ಲ,” ಎಂದ. ಎಲ್ಲರೂ ನಕ್ಕರು. ಅವತ್ತು ನಾಲ್ಕು ಹಡಗು ಬಂದರು ಮುಟ್ಟಿದವು. ಮರುದಿನದಿಂದ ಆಡಲು ಕೂಡುವವರು ಹೆಚ್ಚಾದರು.

ಸೀಮಾಳ ಮಾವ ಮುರಗೆಪ್ಪ ಕ್ಲಾಸಿಗೆ ಬಂದದ್ದು ಏಪ್ರಿಲ್ ತಿಂಗಳ ಒಂದು ಗುರುವಾರ. ಅಥಣಿ ತಾಲೂಕಿನಲ್ಲಿ ಕಬ್ಬು, ದ್ರಾಕ್ಷಿ ಬೆಳೆಯುವ ಅರವತ್ತರ ಮನುಷ್ಯ. ಹೊಲದ ಬದುವಿನ ಯಾವುದೋ ತಕರಾರಿಗೆ ಚಿಕ್ಕೋಡಿ ಕೋರ್ಟಿಗೆ ಬಂದರೆ, ತಾರೀಖು ಮುಂದಕ್ಕೆ ಹೋಗಿತ್ತು. ಬಿಸಿಲು ಬಹಳ ಎಂದು ಸೊಸೆ ಕಲಿಯುವ ಕ್ಲಾಸಿನ ಫ್ಯಾನಿನ ಕೆಳಗೆ ಬಂದು ಕೂತ.

“ಯಾವೂರವ್ವಾ ನಿಮ್ಮದು?” ಎಂದು ಸಪನಾಳನ್ನು ಕೇಳಿದ.

“ರಾಯಬಾಗ್ರಿ ಕಾಕಾ. ರಾಜಾರಾಮ ಕಾಂಬಳೆಯವರ ಮಗಳು.”

“ಹೂಂ,” ಎಂದ ಮುರಗೆಪ್ಪ. ಅಡ್ಡಹೆಸರಿನಲ್ಲೇ ಜಾತಿ ಅಳೆದ ಆ ‘ಹೂಂ’ ಎಂಥದ್ದೆಂದು ಸಪನಾಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಅವಳು ತನ್ನ ಕೆಲಸಕ್ಕೆ ತಿರುಗಿದಳು. ಆದರೆ ಮುರಗೆಪ್ಪನ ಕಣ್ಣು ಸೊಸೆಯ ಪರದೆಯ ಮೇಲೆ ನೆಟ್ಟಿತ್ತು. ಸ್ವಲ್ಪ ಹೊತ್ತಿಗೆ ಅವನು ಕುರ್ಚಿ ಎಳೆದುಕೊಂಡು ಹತ್ತಿರ ಕೂತ. “ಸೀಮಾ, ಅಲ್ಲಿ ಕಬ್ಬಿಣ ಬಿಟ್ಟ ಬರ್ಫ ಹೇರು. ಸೂರ್ಯಾನ ಸುತ್ತ ಹಾಕ್ಕೊಂಡ ಹೋಗು, ಅಡ್ಡ ಹಾಯಬ್ಯಾಡ,” ಎನ್ನತೊಡಗಿದ. ಮುಂದಿನ ಗುರುವಾರ ಕೋರ್ಟಿನಲ್ಲಿ ಕೆಲಸವಿಲ್ಲದಿದ್ದರೂ ಬಂದ. ಹೋಟೆಲಿನಿಂದ ಚಹಾ ತರಿಸಿ, ಒಂದು ಕಪ್ಪನ್ನು ಸಪನಾಳ ಮೇಜಿನ ಮೇಲೆ ತಾನೇ ಇಟ್ಟ, ಇನ್ನೊಂದನ್ನು ಅಲ್ಲೇ ನಿಂತು ಕುಡಿದ. ಆಮೇಲೆ ತನಗೂ ಒಂದು ಹಡಗು ಬೇಕೆಂದ.

ಒಂದೇ ಬೆರಳಿನಿಂದ ಕೀ ಒತ್ತುತ್ತ ಅವನು ಎರಡು ವಾರ ಆಡಿದ. ಮೂರನೆಯ ಸೂರ್ಯನನ್ನು ಮುಟ್ಟುವ ಹೊತ್ತಿಗೆ ಅವನಿಗೆ ಸಿಟ್ಟು ಬಂದಿತ್ತು.

“ಮೇಡಂರ, ಇದ್ಯಾವ ಪೇಟಿರೀ? ಹತ್ತ ಸಲ ತಂದ ಬರ್ಫ ಸುರುವಿದೆ, ರೇಟ್ ಒಂದ ಕೂದಲೆಳಿಯಷ್ಟ ಇಳೀಲಿಲ್ಲ. ಹೋದ ವರ್ಷ ನಮ್ಮ ಸುತ್ತಿನ ಊರಾಗ ಎಲ್ಲಾರೂ ದ್ರಾಕ್ಷಿ ಒಣಗಿಸಿ ಮಣೂಕ ಮಾಡಿದ್ವಿ. ಎಲ್ಲಾರೂ ಒಂದ ವಾರದಾಗ ಪೇಟಿಗೆ ಹಾಕಿದ್ವಿ. ರೇಟ್ ಎಲ್ಲಿ ಹೋತು ಅಂತ ಹುಡುಕ್ಬೇಕಾತು. ಮಾಲ್ ಬಿದ್ರ ರೇಟ್ ಬೀಳ್ಬೇಕು. ಇಲ್ಲಂದ್ರ ಅದ ಪೇಟಿ ಅಲ್ಲ.”

ಸಪನಾ ಇಷ್ಟು ವರ್ಷ ಆಡಿದ್ದರೂ ಅದು ಅವಳಿಗೆ ಹೊಳೆದಿರಲಿಲ್ಲ. ಮುರಗೆಪ್ಪ ಹೇಳಿದ್ದನ್ನು ಅವಳು ಇಂಗ್ಲಿಷಿಗೆ ತಿರುಗಿಸಿ, ಹೊಸ ಆಟದಲ್ಲಿ ಹೀಗಿರಬೇಕು ಎಂದು ವೆಬ್‌ಸೈಟಿನಲ್ಲಿ ಬರೆದಳು. ಆ ಜಾಗವನ್ನು ನೋಡಿಕೊಳ್ಳುತ್ತಿದ್ದವನು ಮಾರೆಕ್ ಎಂಬ ಪೋಲೆಂಡಿನ ನಿವೃತ್ತ ಶಾಲಾ ಮಾಸ್ತರ. ಅವನು ಮರುದಿನವೇ ಉತ್ತರ ಬರೆದ: ‘ಈ ಮಣೂಕದ ರೈತನನ್ನು ಇನ್ನಷ್ಟು ಮಾತಾಡಿಸಿ.’

ಜೂನ್ ಬಂತು. ಚಿಕ್ಕೋಡಿಯಿಂದ ಮೂವತ್ತು ಫೈಲುಗಳು ಹೋಗಿದ್ದವು. ಮೂರು ತಿಂಗಳ ಹಿಂದೆ ಆಟ ಎಂದು ಹಿಂಜರಿದಿದ್ದ ಜಯಪಾಲ ಸರ್ ಕೂಡ ಬಾಗಿಲು ಹಾಕಿಕೊಂಡು ಒಂದು ಹಡಗು ಕಳಿಸಿದ್ದರು. ಜಗತ್ತಿನ ಒಟ್ಟು ಸಂಖ್ಯೆ ಮಾತ್ರ ಐದು ಸಾವಿರದ ಹತ್ತಿರ ಬಂದು ತೆವಳುತ್ತಿತ್ತು. ಇಪ್ಪತ್ತೆಂಟನೆಯ ತಾರೀಖು ಇನ್ನೂ ಎಂಬತ್ತು ಕಡಿಮೆ.

ಆ ಮಧ್ಯಾಹ್ನ ಕಾಳವ್ವ ಆಡುತ್ತಿದ್ದಳು. ಅವಳು ಹತ್ತಿರದ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ, ನಲವತ್ತೈದು ದಾಟಿದ ಹೆಂಗಸು. ವರದಿಗಳನ್ನು ಇನ್ನು ಮುಂದೆ ಕಂಪ್ಯೂಟರಿನಲ್ಲೇ ಕೊಡಬೇಕಾಗುತ್ತದೆ ಎಂದು ಯಾರೋ ಹೆದರಿಸಿದ್ದಕ್ಕೆ ಕ್ಲಾಸು ಸೇರಿದ್ದಳು. ಹತ್ತು ಸಲ ಹಡಗು ಚೂರು ಮಾಡಿ ಹನ್ನೊಂದನೆಯ ಸಲ ಹೊರಟಿದ್ದಳು. ಮೂರನೆಯ ಸೂರ್ಯನ ಬಂದರು ಪರದೆಯ ಮೇಲೆ ಕಂಡಿತು ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಹಿಂದಿನ ಮೂಲೆಯಲ್ಲಿದ್ದ ಬ್ಯಾಟರಿ ಚೀರತೊಡಗಿತು. ಈ ಆಟದಲ್ಲಿ ಬಂದರು ಮುಟ್ಟಿದ ಮೇಲಷ್ಟೇ ಉಳಿಸಿಕೊಳ್ಳಲು ಬರುತ್ತಿತ್ತು; ದಾರಿಯಲ್ಲಿ ಯಂತ್ರ ಆರಿದರೆ ಆ ಪ್ರಯಾಣವೆಲ್ಲ ಮೊದಲಿನಿಂದ.

“ಉಳದ ಮಷಿನ್ ಎಲ್ಲಾ ಬಂದ್ ಮಾಡ್ರಿ!” ಎಂದು ಸಪನಾ ಕೂಗಿದಳು. ಹುಡುಗಿಯರು ಓಡಿಹೋಗಿ ಒಂದೊಂದನ್ನೇ ಆರಿಸಿದರು. ಕಾಳವ್ವನದೊಂದೇ ಉರಿಯುತ್ತಿತ್ತು.

“ನೀವ ಹಚ್ಚರಿ ಮೇಡಂ, ನಾ ಮತ್ತ ಚೂರ ಮಾಡ್ತೇನಿ.”

“ನಾ ಹಚ್ಚಿದ್ರ ಅದ ನಿಮ್ಮ ಹಡಗ ಆಗೂದಿಲ್ಲ, ಕಾಳವ್ವಾರ. ಬ್ಯಾಟ್ರಿ ಇನ್ನೂ ಹತ್ತ ನಿಮಿಷ ಐತಿ. ಸಾವಕಾಶ.”

ಹತ್ತು ನಿಮಿಷ ಇತ್ತೋ ಇಲ್ಲವೋ ಸಪನಾಳಿಗೆ ಗೊತ್ತಿರಲಿಲ್ಲ. ಕಾಳವ್ವ ಸೆರಗಿನಿಂದ ಅಂಗೈ ಒರೆಸಿಕೊಂಡಳು. ಮೇಲಿನ ಗೆರೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಅವಳು ಅದರ ಹಿಂದೆ ಓಡಲಿಲ್ಲ, ಕಾದಳು. ಎರಡೂ ಕೂಡಿದ ಗಳಿಗೆಯಲ್ಲಿ ಕೀ ಒತ್ತಿದಳು. ಬಂದರಿನ ಹೆಸರು ಮೂಡಿತು. ಫೈಲು ಉಳಿದ ಸದ್ದು ಕೇಳಿ ಸಪನಾ ಪೆನ್ ಡ್ರೈವ್ ಎಳೆದುಕೊಂಡು, ಕರೆಂಟಿದ್ದ ಪಕ್ಕದ ಓಣಿಯ ಸೈಬರ್ ಕೆಫೆಗೆ ಓಡಿದಳು. ಅದು ಮೂವತ್ತೊಂದನೆಯದು.

ಮೂವತ್ತನೆಯ ತಾರೀಖು ಸಂಜೆಗೆ ಒಟ್ಟು ಐದು ಸಾವಿರದ ಇನ್ನೂರ ನಾಲ್ಕು ಆಯಿತು. ಕಂಪನಿ ಎಲ್ಲರಿಗೂ ಅಭಿನಂದನೆ ಹೇಳಿತು, ಕೆಲಸ ಶುರುವಾಗಿದೆ ಎಂದಿತು. ಜಯಪಾಲ ಸರ್ ಪೇಡೆ ಹಂಚಿದರು. ಯಾಕೆಂದು ಕೇಳಿದ ಔಷಧಿ ಅಂಗಡಿಯವನಿಗೆ ಏನು ಹೇಳಬೇಕೆಂದು ತಿಳಿಯದೆ, “ನಮ್ಮ ಹುಡಿಗ್ಯಾರ ಗೆದ್ದಾರ,” ಎಂದಷ್ಟೇ ಹೇಳಿದರು.

ಒಂದೂವರೆ ವರ್ಷ ಕಾದ ಮೇಲೆ, ೨೦೧೩ರ ಕೊನೆಗೆ ಹೊಸ ‘ಟ್ವೆಲ್ವ್ ಸನ್ಸ್’ ಬಂತು. ಮೊಬೈಲಿನಲ್ಲಿ ಮಾತ್ರ ಆಡುವ ಆಟ. ಸೀಮಾ ತನ್ನ ಫೋನಿನಲ್ಲಿ ಇಳಿಸಿಕೊಂಡು ಕ್ಲಾಸಿಗೆ ತಂದಳು, ಎಲ್ಲರೂ ತಲೆಗೆ ತಲೆ ಕೊಟ್ಟು ನೋಡಿದರು. ಬಣ್ಣಬಣ್ಣದ ಸೂರ್ಯರು ಮೇಲಿಂದ ಉದುರುತ್ತಿದ್ದರು. ಒಂದೇ ಬಣ್ಣದ ಮೂರನ್ನು ಒತ್ತಿದರೆ ಸಿಡಿದು ನಕ್ಷತ್ರ ಸುರಿಯುತ್ತಿದ್ದವು. ಹಡಗಿರಲಿಲ್ಲ. ಬಂದರಿರಲಿಲ್ಲ. ಗೋಧಿಯೂ ಇಲ್ಲ, ಬರ್ಫೂ ಇಲ್ಲ.

“ಮೇಡಂ, ಇದ ಬ್ಯಾರೆ ಇರ್ಬೇಕರಿ,” ಎಂದಳು ಕಾಳವ್ವ.

“ಇಲ್ಲ, ಇದ ಅದ,” ಎಂದಳು ಸಪನಾ. ಕಂಪನಿಗೆ ಬೇಕಾಗಿದ್ದದ್ದು ಹಳೆಯ ಹೆಸರು, ಮತ್ತು ಆ ಹೆಸರನ್ನು ಕೂಗಿ ಹೇಳುವ ಐದು ಸಾವಿರ ಬಾಯಿ.

ಸಂಜೆ ಅವಳು ನಿಲೇಶನ ಬಸ್ಸಿನಲ್ಲೇ ಊರಿಗೆ ಹೊರಟಳು. ಅವನು ಟಿಕೆಟ್ ಹರಿಯುತ್ತ ಹಿಂದಿನಿಂದ ಮುಂದೆ ಬಂದು ಅವಳ ಸೀಟಿನ ಹತ್ತಿರ ನಿಂತ. ಅವನಿಗಾಗಲೇ ಸುದ್ದಿ ಮುಟ್ಟಿತ್ತು.

“ಬಿಡು ಬೇ. ಕಂಪನಿಯವರು ಅಂದ್ರ ಹಂಗ.”

“ಹಂಗ ಅಂದ್ರ ಹೆಂಗ?”

“ಹಂಗಂದ್ರ… ನೀ ಯಾರು, ಅವರ್ಯಾರು? ನೀ ಒಂದ ಆಟ ಆಡಿದಿ, ಮುಗೀತು.”

“ದಾದಾ, ಮೂವತ್ತೊಂದ ಮಂದಿನ ನಾ ಹಿಡಕೊಂಡ ಕುಂಡ್ರಿಸಿದ್ನಿ. ಹೊಸಾ ಆಟ ಬರ್ತೈತಿ ಅಂತ ಅವರಿಗೆ ಹೇಳಿದಾಕಿ ನಾನು. ಕಂಪನಿ ಅಲ್ಲ.”

“ಅವರ್ಯಾರೂ ಕೇಳಾಕ ಬರೂದಿಲ್ಲ.”

“ಬರೂದಿಲ್ಲ. ಅದ ನಂಗ ತ್ರಾಸ ಆಗಾಕತ್ತೈತಿ.”

ಮುಂದಿನ ಸ್ಟಾಪಿನಲ್ಲಿ ಕಬ್ಬು ಕಡಿಯುವವರ ಒಂದು ತಂಡ ಹತ್ತಿತು, ನಿಲೇಶ ಅತ್ತ ಹೋದ. ಸಪನಾ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ಅಳು ಬರುತ್ತದೇನೋ ಎಂದುಕೊಂಡಿದ್ದಳು, ಬರಲಿಲ್ಲ. ಬಂದದ್ದು ಸಿಟ್ಟು. ರಾಯಬಾಗ ಮುಟ್ಟುವಷ್ಟರಲ್ಲಿ ಆ ಸಿಟ್ಟೂ ತಣಿದು, ಅದರ ಜಾಗದಲ್ಲಿ ಒಂದು ಯೋಚನೆ ಗಟ್ಟಿಯಾಗಿ ಕೂತಿತ್ತು.

ವೆಬ್‌ಸೈಟಿನಲ್ಲಿ ಎರಡು ದಿನ ಬರೀ ಬೈಗುಳ, ದುಃಖ. ಬಹಳ ಜನ ವಿದಾಯ ಹೇಳಿ ಹೊರಟರು. ಮೂರನೆಯ ದಿನ ಸಪನಾ ಬರೆದಳು. ‘ನಮಗೆ ಬೇಕಾದ ಆಟ ಹೇಗಿರಬೇಕೆಂದು ಕಂಪನಿಗಿಂತ ನಮಗೇ ಚೆನ್ನಾಗಿ ಗೊತ್ತು. ಹೆಸರು ಅವರದು, ಇರಲಿ. ಹಡಗು, ಬಂದರು, ಸರಕು ಯಾರದೂ ಅಲ್ಲ. ನಾವೇ ಮಾಡೋಣ. ಮಾರುಕಟ್ಟೆಯ ಭಾಗ ನಾನು ಮಾಡುತ್ತೇನೆ.’

ಅವಳಿಗೆ ಪ್ರೋಗ್ರಾಂ ಬರೆಯಲು ಬರುತ್ತಿರಲಿಲ್ಲ. ಟ್ಯಾಲಿ ಬರುತ್ತಿತ್ತು, ಟೈಪಿಂಗ್ ಬರುತ್ತಿತ್ತು, ಲಗ್ನಪತ್ರಿಕೆ ಸಿದ್ಧ ಮಾಡಲು ಬರುತ್ತಿತ್ತು. ಅದು ನೆನಪಾದದ್ದು ಬರೆದು ಕಳಿಸಿದ ಮೇಲೆ. ಆದರೆ ಮಧ್ಯಾಹ್ನದ ಹೊತ್ತಿಗೆ ಮಾರೆಕ್ ತಾನು ಸೂರ್ಯರ ನಕ್ಷೆ ಹಾಕುವುದಾಗಿ ಹೇಳಿದ್ದ. ಬ್ರೆಜಿಲ್ಲಿನ ಒಬ್ಬ ಹೆಂಗಸು ಹಡಗು ಓಡಿಸುವ ಭಾಗ ಹೊತ್ತುಕೊಂಡಳು. ಸಂಜೆಗೆ ಹನ್ನೊಂದು ಜನ ಆದರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ನಿಪ್ಪಾಣಿಯ ಅಂಗಡಿಯಿಂದ ಪ್ರೋಗ್ರಾಂ ಬರೆಯಲು ಕಲಿಸುವ ಒಂದು ದಪ್ಪ ಪುಸ್ತಕ ತರಿಸಿದಳು. ಐದೂವರೆಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟು ಓದಿದಳು. ಕತ್ತಲಿರುವ ತಿಂಗಳುಗಳಲ್ಲಿ ನಿಲೇಶ ಡ್ರೈವರನಿಗೆ ಹೇಳಿ ಒಳಗಿನ ದೀಪ ಹಾಕಿಸಿಟ್ಟಿರುತ್ತಿದ್ದ. ಅರ್ಥವಾಗದ್ದನ್ನು ಮಾರೆಕ್‌ಗೆ ಕೇಳಿದಳು. ಅವನು ಶಾಲೆಯ ಮಾಸ್ತರನೇ ಆದ್ದರಿಂದ ಅದೇ ತಪ್ಪನ್ನು ಹತ್ತು ಸಲ ತಿದ್ದುವ ತಾಳ್ಮೆ ಅವನಲ್ಲಿತ್ತು. ಎಂಟು ತಿಂಗಳಲ್ಲಿ ಅವಳ ಮೊದಲ ಬಂದರು ತಯಾರಾಯಿತು. ಒಂದೇ ಬಂದರು, ಒಂದೇ ಸರಕು. ಬರ್ಫ್ ಹೆಚ್ಚು ಬಂದಷ್ಟೂ ಬೆಲೆ ಇಳಿಯುತ್ತ ಹೋಗುತ್ತಿತ್ತು.

ಮುರಗೆಪ್ಪನ ಹತ್ತಿರ ಅವಳು ಹೋಗಿ ಬಂದದ್ದು ಎಷ್ಟು ಸಲವೋ. ದ್ರಾಕ್ಷಿ ಒಣಗಿಸುವ ಕಾಲದಲ್ಲಿ ಅವನ ಹೊಲದ ಶೆಡ್ಡಿನಲ್ಲಿ, ಬಲೆಯ ಹಾಸಿನ ಮೇಲೆ ಹರವಿದ ಗೊಂಚಲುಗಳ ನಡುವೆ ನಿಂತು ಕೇಳುತ್ತಿದ್ದಳು.

“ಕಾಕಾ, ಮಾಲ್ ಪೇಟಿಗೆ ಬಂದ ಮ್ಯಾಲ ರೇಟ್ ಬೀಳ್ತೈತಿ, ಹೌದಲ್ರಿ?”

“ಬರೂ ಮೊದಲ ಬೀಳ್ತೈತಿ.”

“ಅದ್ಹೆಂಗ್ರಿ?”

“ಸುದ್ದಿ ಬರ್ತೈತಲ್ಲವ್ವಾ. ಅಥಣಿ ಕಡೆ ಈ ಸಲ ಬೆಳಿ ಭಾರಿ ಐತಿ ಅಂತ ಒಬ್ಬಂವ ಹೋಗಿ ಅಂದ ಅಂದ್ರ ಸಾಕು. ಮಾಲ್ ಇನ್ನೂ ಇಲ್ಲೇ ಒಣಗಾಕತ್ತಿರ್ತೈತಿ, ಅಲ್ಲಿ ರೇಟ್ ಬಿದ್ದಿರ್ತೈತಿ. ಪೇಟಿಗೆ ಮೊದಲ ಹೋಗೂದು ಸುದ್ದಿ, ಮಾಲಲ್ಲ.”

ಮಾತಾಡುತ್ತಿದ್ದಂತೆ ಅವನ ಹೆಂಡತಿ ಸಕ್ಕುಬಾಯಿ ಒಳಗಿನಿಂದ ತಾಟಿನಲ್ಲಿ ಊಟ ತಂದಿಟ್ಟಳು, ಉಣ್ಣದೆ ಹೋಗಬಾರದೆಂದಳು. ಮುರಗೆಪ್ಪನ ಎದುರೇ ಸಪನಾಳ ತಾಟು ಇತ್ತು.

ಆ ಮಾತಿನ ಮೇಲೆ ಅವಳು ನಾಲ್ಕು ತಿಂಗಳು ಕೆಲಸ ಮಾಡಿದಳು. ಹಡಗುಗಳು ಸರಕಿನ ಜೊತೆ ಸುದ್ದಿಯನ್ನೂ ಒಯ್ಯುವಂತೆ, ಯಾವ ಬಂದರಿಗೆ ಯಾವ ಹಡಗು ಮುಟ್ಟಿಲ್ಲವೋ ಆ ಬಂದರಿಗೆ ಆ ಸುದ್ದಿಯೂ ಮುಟ್ಟದಂತೆ ಬರೆದಳು. ಮೊದಲ ಪರೀಕ್ಷೆಯಲ್ಲಿ ಎಲ್ಲ ತಲೆಕೆಳಗಾಯಿತು. ಬೆಲೆ ಇಳಿದು ಇಳಿದು ಸೊನ್ನೆಗಿಂತ ಕೆಳಗೆ ಹೋಗಿ, ಬರ್ಫ್ ಕೊಂಡು ಒಯ್ಯುವವರಿಗೆ ಬಂದರಿನವರೇ ತಿರುಗಿ ಹಣ ಕೊಡತೊಡಗಿದರು. ಮುರಗೆಪ್ಪ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಇಂಥಾ ಊರ ಎಲ್ಲಿ ಐತಿ ಹೇಳ್ರಿ, ಮಣೂಕ ಅಲ್ಲಿಂದನ ಹೇರ್ಕೊಂಡ ಬರ್ತೇನಿ!” ಸಪನಾ ಅವನ ಜೊತೆ ನಕ್ಕಳು, ಬಸ್ಸು ಹತ್ತಿದಳು, ಮರುದಿನ ಬೆಳಿಗ್ಗೆ ಅದನ್ನು ಮೊದಲಿನಿಂದ ಬರೆಯಲು ಕೂತಳು.

ಈ ನಡುವೆ ಹನ್ನೊಂದು ಜನರಲ್ಲಿ ನಾಲ್ವರು ಬಿಟ್ಟುಹೋದರು. ಬ್ರೆಜಿಲ್ಲಿನ ಹೆಂಗಸಿಗೆ ಮಗುವಾಯಿತು, ಆರು ತಿಂಗಳು ಪತ್ತೆಯಿಲ್ಲ. ಆಮೇಲೆ ತಾನಾಗಿಯೇ ತಿರುಗಿ ಬಂದಳು. ೨೦೧೫ರಲ್ಲಿ ಮಾರೆಕ್ ಕಾಯಿಲೆ ಬಿದ್ದಾಗ, ಇಡೀ ಕೆಲಸವನ್ನು ಒಟ್ಟುಗೂಡಿಸುವ ಹೊಣೆ ಸಪನಾಳ ಮೇಲೆ ಬಂತು. ಅಕ್ಕುತಾಯಿ ಒಂದು ದಿನ ಕೇಳಿದಳು, “ಇದನ್ನ ಮುಗಸಿದ್ರ ನಿನಗ ಏನ್ ಕೊಡ್ತಾರ?”

“ಏನೂ ಇಲ್ಲ ಆಯಿ.”

“ಮತ್ತ ಯಾಕ?”

“ನಾವು ಅವತ್ತ ಆಡೂಮುಂದ ಯಾವೂರಿಗೆ ಹೋಗಿದ್ರಿ ಅಂತ ನೀ ಕೇಳ್ತಿದ್ದಿ. ಹಂಗ ಇನ್ನೂ ಯಾರರೆ ಎಲ್ಲರೆ ಆಡ್ಲಿ ಅಂತ.”

ಅಕ್ಕುತಾಯಿ ಮಗಳ ಮುಖವನ್ನೊಮ್ಮೆ ನೋಡಿದಳು. “ಹಂಗಾರ ಲಗೂನ ಮುಗಸು,” ಎಂದಳು.

೨೦೧೬ರ ಜೂನ್ ತಿಂಗಳ ಮೊದಲ ಸೋಮವಾರ ಆಟ ಹೊರಗೆ ಬಂತು. ಹಳೆಯ ಹೆಸರು ಬಳಸುವಂತಿರಲಿಲ್ಲವಾದ್ದರಿಂದ ‘ಓಪನ್ ಪೋರ್ಟ್ಸ್’, ತೆರೆದ ಬಂದರುಗಳು, ಎಂದು ಕರೆದಿದ್ದರು. ಹನ್ನೆರಡಲ್ಲ, ಸದ್ಯಕ್ಕೆ ಮೂರೇ ಸೂರ್ಯರು. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಮಾಡಿದವರ ಪಟ್ಟಿಯಲ್ಲಿ ಏಳು ಹೆಸರಿದ್ದವು. ಅದರ ಕೆಳಗೆ, ಮಾರುಕಟ್ಟೆಯ ನಿಯಮ ಹೇಳಿಕೊಟ್ಟವರು ಎಂದು ಮುರಗೆಪ್ಪನ ಹೆಸರೂ ಇತ್ತು. ಸೀಮಾ ಅದನ್ನು ಫೋಟೋ ತೆಗೆದು ಮಾವನಿಗೆ ತೋರಿಸಿದಳು. ಮುದುಕ ಅದನ್ನು ಊರೆಲ್ಲ ಸುತ್ತಿಸಿದ.

ಮೊದಲ ವಾರ ಆರುನೂರು ಜನ ಇಳಿಸಿಕೊಂಡರು. ಐದು ಸಾವಿರ ಅಲ್ಲ, ಆದರೆ ಆರುನೂರೂ ಆಡುವವರೇ. ದೂರುಗಳು ಎಂಬತ್ತು ಬಂದವು. ಬಂದರಿಗೆ ಹಚ್ಚುವುದು ಬಹಳ ಕಷ್ಟ ಎಂದು ಒಬ್ಬರು, ಬಹಳ ಸುಲಭ ಎಂದು ಇನ್ನೊಬ್ಬರು. ನಿಲೇಶ ಎರಡನ್ನೂ ಓದಿಸಿಕೊಂಡು, “ಅಂದ್ರ ಬರೋಬ್ಬರಿ ಐತಿ,” ಎಂದ.

ಶುಕ್ರವಾರ ಮಧ್ಯಾಹ್ನ ಸಪನಾ ದೂರುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಕೆನ್ಯಾದಿಂದ ಯಾರೋ ಬರೆದಿದ್ದರು: ಎರಡನೆಯ ಸೂರ್ಯನ ಒಂದು ಬಂದರಿನಲ್ಲಿ ರೋಗ ಹರಡಿದ ಸುದ್ದಿ ಬಂದರೂ ಔಷಧಿಯ ಬೆಲೆ ಅಲುಗುವುದಿಲ್ಲ, ಇದು ಬೇಕೆಂದೇ ಹೀಗೋ? ಅವಳು ತಾನು ಬರೆದ ಪ್ರೋಗ್ರಾಂ ತೆರೆದು ಹುಡುಕಿದಳು. ಬೇಕೆಂದಲ್ಲ. ಒಂದು ಸಾಲು ಬಿಟ್ಟುಹೋಗಿತ್ತು.

ಮೆಟ್ಟಿಲ ಮೇಲೆ ಎರಡೂವರೆಯ ಬ್ಯಾಚಿನವರ ಚಪ್ಪಲಿ ಸದ್ದು ಕೇಳತೊಡಗಿತ್ತು. ಸಪನಾ ಬೇಗಬೇಗ ಉತ್ತರ ಟೈಪು ಮಾಡಿದಳು: ‘ತಪ್ಪು ನನ್ನದು. ಗುರುವಾರದೊಳಗೆ ಸರಿಮಾಡುತ್ತೇನೆ. ನಾಲ್ಕನೆಯ ಸೂರ್ಯನ ಕೆಲಸ ನಡೆದಿದೆ, ದೀಪಾವಳಿಗೆ ಕೊಡುತ್ತೇವೆ.’ ಕಳಿಸಿ, ಎದ್ದು, ಬಾಗಿಲು ತೆರೆದಳು.

“ಬರ್ರಿ, ಕುಂಡ್ರಿ,” ಎಂದಳು. “ನಿನ್ನಿ ಎಲ್ಲಿಗೆ ಬಿಟ್ಟಿದ್ವಿ?”